ಹೊನ್ನವ್ವನ ದಿಮ್ಮಿ, ಡಾಕ್ಟರಮ್ಮನ ಟ್ರೇಲರ್

ಗೆಳೆಯರೇ, ಈ ಕಥೆಯಲ್ಲಿ ದಡ್ಡ ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ... ನಾನೇ!

ನಾನು ಫಕ್ಕೀರಪ್ಪ ಕಮ್ಮಾರ. ಹಿರೇಕೆರೂರಿನಲ್ಲಿ ಮೂವತ್ತೊಂದು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ನನಗೆ ಗೊತ್ತಿಲ್ಲದ ಗಾಡಿ ಇಲ್ಲ ಅಂತ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದವನು.

ನಮ್ಮೂರ ಡಾಕ್ಟರ್ ಪ್ರಮೋದಿನಿ ಸವಣೂರ ಅವರ ಬಳಿ 1958ರ ಒಂದು ಟ್ರೇಲರ್ ಇತ್ತು. ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ ಅನ್ನಿ... ಒಳಗೆ ಮಂಚ, ಸ್ಟೌ, ಬೀರು ಎಲ್ಲ ಇತ್ತು.

ಆಸ್ಪತ್ರೆ ಇಲ್ಲದ ಕಾಲದಲ್ಲಿ ಅವರು ಅದನ್ನು ಹಳ್ಳಿ ಹಳ್ಳಿಗೆ ಒಯ್ದು ಹೆರಿಗೆ ಮಾಡಿಸುತ್ತಿದ್ದರು. ಈಗ ಅವರಿಗೆ ಎಂಬತ್ತಮೂರು. ಟ್ರೇಲರ್ ನಲವತ್ತು ವರ್ಷದಿಂದ ಬಾಡಿಗೆ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು.

ಮೂರು ತಿಂಗಳು ಬಿಟ್ಟು ಒಂದು ಸೋಮವಾರ ಆ ಶೆಡ್ಡನ್ನು ಕೆಡವುತ್ತಾರೆ ಅಂತಾಯಿತು. ಟ್ರೇಲರಿಗೆ ಉಳಿದದ್ದು ಎರಡೇ ದಾರಿ... ಗುಜರಿ, ಇಲ್ಲವೇ ಹಾವೇರಿಯಲ್ಲಿ ಹಳೇ ವಾಹನಗಳ ಸಂಘದವರು ಮಾಡಿದ್ದ ಮ್ಯೂಸಿಯಂ.

ಸಂಘದ ಷರತ್ತು ಒಂದೇ. ಕೆಡವುವ ಹಿಂದಿನ ದಿನ, ಭಾನುವಾರ ಸಂಜೆ ನಾಲ್ಕರೊಳಗೆ ಗಾಡಿ ತನ್ನ ಚಕ್ರದ ಮೇಲೆಯೇ ಮ್ಯೂಸಿಯಂ ಮುಂದಿನ ಮೈದಾನಕ್ಕೆ ಬರಬೇಕು. ಲಾರಿ ಮೇಲೆ ಹೇರಿಕೊಂಡು ಬಂದರೆ ಜಾಗವಿಲ್ಲ.

ಮೂರು ತಿಂಗಳು ಬೆವರು ಸುರಿಸಿದೆ. ಬಿಳಿ ಪೇಂಟು, ಹೊಸ ಪರದೆ... ಅಡಿಯಲ್ಲಿ ಭಾರ ಹೊರುವ ಉಕ್ಕಿನ ಕಮಾನ್‌ಪಟ್ಟಿಗೂ ಮಿರಮಿರ ಮಿಂಚುವ ಕಪ್ಪು ಬಣ್ಣ ಬಳಿದೆ. ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

ಆ ಭಾನುವಾರ ಡಾಕ್ಟರಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟೆ. ಹಾವೇರಿ ಇನ್ನು ಹದಿನಾಲ್ಕು ಕಿಲೋಮೀಟರ್ ಇರುವಾಗ ಹಿಂದಿನಿಂದ 'ಫಟ್' ಅಂತ ಸದ್ದು...

ಎಡಗಡೆಯ ಕಮಾನ್‌ಪಟ್ಟಿ ಮುರಿದಿತ್ತು. ಅಚ್ಚು ಹಿಂದಕ್ಕೆ ಸರಿದು, ಟೈರು ಟ್ರೇಲರಿನ ಮೈಗೆ ಉಜ್ಜಿ ಹೊಗೆ ಬರುತ್ತಿತ್ತು. ಗಂಟೆ ಒಂದೂಕಾಲು.

"ಅಮ್ಮಾರ, ನೀವು ನೆರಳಾಗ ಕುಂದರ್ರಿ. ಇದು ನಮ್ಮ ಕೆಲಸ," ಅಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಕೇಳಿಸಿಕೊಳ್ಳಲೇ ಇಲ್ಲ.

ಎಂಟು ಕಡೆ ಫೋನ್ ಮಾಡಿದೆ. ಅರವತ್ತು ವರ್ಷದ ಹಿಂದಿನ ಪಟ್ಟಿ ಯಾರ ಹತ್ತಿರ ಇರುತ್ತದೆ? ಕೊನೆಗೆ ಸೋತು, ಲಾರಿಯವನ ನಂಬರ್ ಒತ್ತಿದೆ.

"ಫೋನ್ ಇಡು, ಫಕ್ಕೀರಾ," ಡಾಕ್ಟರಮ್ಮ ಕೋಲೂರಿಕೊಂಡು ಬಂದು ನಿಂತಿದ್ದರು. "ಮಂಚದ ಕೆಳಗ ಪೆಟಗ್ಯಾಗ ಜಾಲಿ ದಿಮ್ಮಿ ಐತಿ, ಸರಪಳಿ ಐತಿ. ತಗೊಂಬಾ."



ಎಣ್ಣೆ ಕುಡಿದು ಕಪ್ಪಾದ ಆ ಮರದ ತುಂಡನ್ನು ನಾನು ಕಸ ಅಂದುಕೊಂಡಿದ್ದೆ! ತುಕ್ಕು ಹಿಡಿದ ಸರಪಳಿಯನ್ನು ಗುಜರಿಗೆ ಎಸೆದಿದ್ದೆ...

"ಅಮ್ಮಾರ... ದಿಮ್ಮಿ ನಾ ನೀರು ಕಾಸೋ ಒಲಿಗೆ ಹಾಕಿ ಸುಟ್ಟೀನ್ರಿ."

ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಒಮ್ಮೆ ಹಿಂಗ ಪಟ್ಟಿ ಮುರದಾಗ ಅದನ್ನ ಸಿಗಿಸಿಕೊಂಡು ಎರಡು ಮಳಿಗಾಲ ತಿರಗೀನಿ. ಆ ದಿಮ್ಮಿ ಹೊತ್ತ ಗಾಡ್ಯಾಗ ಎಷ್ಟು ಕೂಸು ಹುಟ್ಯಾವ ಗೊತ್ತೇನು?"

ಅವರು ಆಗಲೇ ರಸ್ತೆ ದಾಟುತ್ತಿದ್ದರು.

ಎದುರಿಗೆ ಹೊನ್ನವ್ವ ಅನ್ನುವ ಹೆಣ್ಣುಮಗಳು ಕೈಗಾಡಿಯಲ್ಲಿ ಎಳನೀರು ಮಾರುತ್ತಿದ್ದಳು. ಡಾಕ್ಟರಮ್ಮ ಅವಳು ಕಾಯಿ ಕೊಚ್ಚುವ ದಿಮ್ಮಿಯನ್ನು ಕೋಲಿನಿಂದ ತಟ್ಟಿ ನೋಡಿದರು.

"ಯಾವ ಮರದ್ದವ್ವಾ ಇದು?"

"ಜಾಲೀದ್ರಿ."

"ನನಗ ಬೇಕಾಗೇತಿ. ನಿನ್ನ ಗಾಡಿಗೆ ಬೀಗ ಹಾಕೋ ಸರಪಳೀನೂ ಬೇಕು."

"ಅಯ್ಯ ನಮ್ಮವ್ವ! ಎಲ್ಲಾರೂ ಎಳನೀರು ಕೇಳಿದ್ರ ನೀವು ದಿಮ್ಮಿ ಕೇಳ್ತೀರಲ್ರಿ!" ಹೊನ್ನವ್ವ ನಕ್ಕಳು. ವಾಲಿ ನಿಂತ ಟ್ರೇಲರ್ ನೋಡಿದಳು. ದಿಮ್ಮಿಯನ್ನು ಹೆಗಲಿಗೇರಿಸಿ ತಾನೇ ಹೊತ್ತು ತಂದಳು.

ಆಮೇಲೆ ನಡೆದದ್ದು ನೋಡಬೇಕಿತ್ತು! ಎಂಬತ್ತಮೂರರ ಅಜ್ಜಿ ಆರ್ಡರ್ ಕೊಡುವುದು... ಮೂವತ್ತೊಂದು ವರ್ಷದ ಮೇಸ್ತ್ರಿ ಮಣ್ಣಿನಲ್ಲಿ ಅಂಗಾತ ಮಲಗಿ "ಹೂಂ ರೀ" ಅನ್ನುವುದು!

"ಹೊನ್ನವ್ವ, ಮಚ್ಚಿಲೆ ನಡುವ ಕೆತ್ತು, ಅಚ್ಚು ಅದರಾಗ ಕುಂದರಬೇಕು. ಫಕ್ಕೀರಾ, ಜಾಕ್ ಏರಿಸು. ಸರಪಳಿ ಮುಂದಕ್ಕ ಜಗ್ಗಿ ಕಟ್ಟು, ಇಲ್ಲಂದ್ರ ಅಚ್ಚು ಮತ್ತ ಹಿಂದ ಸರೀತೈತಿ."

ಅಡಿಯಲ್ಲಿ ಮಲಗಿದ್ದಾಗ ಮುರಿದ ಪಟ್ಟಿ ಕಣ್ಣಿಗೆ ಬಿತ್ತು. ಮುರಿದ ಜಾಗದ ಅರ್ಧದಷ್ಟು ಹಳೇ ತುಕ್ಕು... ಬಿರುಕು ಮೊದಲೇ ಇತ್ತು. ಅದರ ಮೇಲೆಯೇ ನಾನು ಬಣ್ಣ ಬಳಿದಿದ್ದೆ.

ತಡೆಯಲಾಗದೆ ಅತ್ತುಬಿಟ್ಟೆ.

"ಅಳೂದು ಆಮ್ಯಾಲೆ," ಮೇಲಿನಿಂದ ದನಿ ಬಂತು. "ಮದಲ ಸರಪಳಿ ಬಿಗಿ ಮಾಡು!"

ಮೂರಕ್ಕೆ ಹೊರಟೆವು. ಇಪ್ಪತ್ತರ ಸ್ಪೀಡು, ದಾಟಲಿಲ್ಲ. "ನನ್ನ ದಿಮ್ಮಿ ಹೋದಲ್ಲಿ ನಾನೂ ಬರ್ತೀನಿ," ಅಂತ ಹೊನ್ನವ್ವ ಕೈಗಾಡಿಯನ್ನು ಪಕ್ಕದ ಚಹಾದ ಅಂಗಡಿಯವರಿಗೆ ಒಪ್ಪಿಸಿ ಜೀಪು ಹತ್ತಿದ್ದಳು.

ಮೂರು ಐವತ್ತೆರಡು... ಟ್ರೇಲರ್ ತನ್ನ ಚಕ್ರದ ಮೇಲೆ ಮೈದಾನಕ್ಕೆ ಬಂತು! ಜನ ಶಿಳ್ಳೆ ಹೊಡೆದರು. ನಾನು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ.

ಸಂಘದ ಅಧ್ಯಕ್ಷರು ಬಗ್ಗಿ ಅಡಿಯಲ್ಲಿ ನೋಡಿದರು. ದಿಮ್ಮಿಗೆ ಇನ್ನೂ ಎಳನೀರಿನ ನಾರು ಅಂಟಿತ್ತು.

"ಏನ್ರಿ ಡಾಕ್ಟ್ರ, ಇದು ಒರಿಜಿನಲ್ ಪಾರ್ಟ್ ಅಲ್ಲಲ್ರಿ?"

ಡಾಕ್ಟರಮ್ಮ ಕೋಲಿನಿಂದ ನನ್ನನ್ನು ತೋರಿಸಿ ಅಂದರು... "ಇದರಾಗ ಆ ದಿಮ್ಮಿ ಒಂದ ಒರಿಜಿನಲ್ ನೋಡ್ರಿ. ಉಳದದ್ದೆಲ್ಲಾ ಇವನ ಪೇಂಟು!"

ಇಡೀ ಮೈದಾನ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ, ಕಣ್ಣು ಒರೆಸಿಕೊಳ್ಳುತ್ತಾ.

ಟ್ರೇಲರ್ ಈಗ ಮ್ಯೂಸಿಯಂನಲ್ಲಿದೆ. ಹೊಸ ಪಟ್ಟಿ ಹಾಕಿಕೊಡುತ್ತೇನೆ ಅಂದರೂ ಅಧ್ಯಕ್ಷರು ದಿಮ್ಮಿ ತೆಗೆಯಲು ಬಿಡಲಿಲ್ಲ. ಹೊನ್ನವ್ವನಿಗೆ ನಾನೇ ಹೊಸ ಜಾಲಿ ದಿಮ್ಮಿ ಕಡಿದು ಕೊಟ್ಟು ಬಂದೆ. ಪೇಂಟ್ ಹೊಡೆಯಲಿಲ್ಲ!

ಹಳೆಯದನ್ನು ಎಸೆಯುವ ಮೊದಲು ಕೇಳಿ... ಇದು ಒಂದು ಕಾಲಕ್ಕೆ ಯಾರ ಭಾರ ಹೊತ್ತಿತ್ತು ಅಂತ.

"ನೀವು ನೆರಳಲ್ಲಿ ಕೂತ್ಕೊಳ್ಳಿ" ಅಂತ ಹೇಳಿ, ನಿಮ್ಮ ಮನೆಯಲ್ಲಿ ನೀವು ಸುಮ್ಮನೆ ಕೂರಿಸಿಬಿಟ್ಟವರು ಯಾರು?