ಸ್ಟಿಯರಿಂಗ್ ಇರುವ ಕಂಪ್ಯೂಟರ್

"ಮಗಳಿಗೆ ಓದಲಿಕ್ಕೆ ಒಂದು ಕಂಪ್ಯೂಟರ್ ಬೇಕಿತ್ತು," ಎಂದ ಕಿಟ್ಟಣ್ಣ, ಅಂಗಡಿಯ ಮೆಟ್ಟಿಲು ಹತ್ತುತ್ತಲೇ.

"ಅಪ್ಪನಿಗೆ ಆಡಲಿಕ್ಕೆ," ಎಂದು ಹಿಂದಿನಿಂದ ನಿಶ್ಮಿತಾ ತಿದ್ದಿದಳು. "ನನ್ನ ಲ್ಯಾಪ್‌ಟಾಪಿನಲ್ಲಿ ಲಾರಿ ಓಡಿಸುವ ಆಟ ಆಡಿ ಆಡಿ ಎರಡು ಕೀ ಕಿತ್ತು ಬಂದಿದೆ."

ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ಬ್ರಯನ್ ನಗುತ್ತ ಕುರ್ಚಿ ಎಳೆದುಕೊಟ್ಟ. ಬೆಳ್ಳೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದ ಕಿಟ್ಟಣ್ಣನನ್ನು ಅವನು ಅರಿಯದವನಲ್ಲ. ಶಾಲೆಗೆ ಹೋಗುವಾಗ ಅದೇ ಬಸ್ಸಿನ ಬಾಗಿಲಲ್ಲಿ ನೇತಾಡಿದವನು. ಕಳೆದ ವರ್ಷ ಕಿಟ್ಟಣ್ಣ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಕಣ್ಣಿನ ಡಾಕ್ಟರು ಸಹಿ ಹಾಕಲಿಲ್ಲ. ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳನ್ನು ಮಸುಕು ಮಾಡಿತ್ತು. ಆಮೇಲೆ ಕಿಟ್ಟಣ್ಣನಿಗೆ ಉಳಿದದ್ದು ಒಂದೇ ಕೆಲಸ: ಜಗಲಿಯಲ್ಲಿ ಕೂತು, ಮನೆಯೆದುರು ಹಾದುಹೋಗುವ ಗಾಡಿಗಳಿಗೆಲ್ಲ ಬಯ್ಯುವುದು.

"ಅಮ್ಮನೇ ಕಳಿಸಿದ್ದು," ಎಂದಳು ನಿಶ್ಮಿತಾ. "ಮೊನ್ನೆ ಅಪ್ಪ ಗ್ಯಾಸಿನ ಲಾರಿಯವನಿಗೆ ಗೇರು ಹಾಕ್ಲಿಕ್ಕೆ ಬರುವುದಿಲ್ಲ ಅಂತ ಬೈದರು. ಅವ ನಿಲ್ಲಿಸಿ ಇಳಿದು ಬಂದ. ಈಗ ನಮ್ಮ ಮನೆಗೆ ಬರುವುದೇ ಇಲ್ಲ, ಖಾಲಿ ಸಿಲಿಂಡರನ್ನು ನಾವೇ ಪೇಟೆಗೆ ಹೊತ್ತುಕೊಂಡು ಹೋಗ್ಬೇಕು."

"ಅವನ ಕ್ಲಚ್ ಸುಟ್ಟ ವಾಸನೆ ಬರ್ತಿತ್ತು ಮಾರಾಯ. ಹಾಳಾದದ್ದು ನನ್ನ ಕಣ್ಣು, ಮೂಗು ಅಲ್ಲ," ಎಂದ ಕಿಟ್ಟಣ್ಣ.

ಮೋಟಾರು ಕಾರ್ಮಿಕರ ಕ್ಷೇಮನಿಧಿಯಿಂದ ಬಂದ ಹಣದಲ್ಲಿ ಹೆಂಡತಿ ಅಪ್ಪಿ ಇದಕ್ಕೆಂದು ಬಿಟ್ಟುಕೊಟ್ಟದ್ದು ಮೂವತ್ತೈದು ಸಾವಿರ. ಬ್ರಯನ್ ಪ್ರೊಸೆಸರಿನಿಂದ ಶುರುಮಾಡಿ ಒಂದೊಂದೇ ಸಾಮಾನನ್ನು ಮೇಜಿನ ಮೇಲೆ ಇಡುತ್ತ ಹೋದ. ಗಾಜಿನ ಬದಿಯ, ಒಳಗೆ ಕೆಂಪು ನೀಲಿ ದೀಪ ಉರಿಯುವ ಪೆಟ್ಟಿಗೆಯ ಎದುರು ಕಿಟ್ಟಣ್ಣ ಸ್ವಲ್ಪ ಹೊತ್ತು ನಿಂತ. "ಮದುವೆ ಟ್ರಿಪ್ಪಿನ ಬಸ್ಸು," ಎಂದು ಅದರ ತಲೆ ಸವರಿ, ಪಕ್ಕದ ಕಪ್ಪು ತಗಡಿನ ಪೆಟ್ಟಿಗೆಯನ್ನು ತೋರಿಸಿದ. "ನನಗೆ ದಿನಾ ಓಡುವ ಲೈನ್ ಬಸ್ಸೇ ಸಾಕು. ಅದೆಂತದು, ಆ ಡಬ್ಬಿ?"

"ಕರೆಂಟ್ ಕೊಡುವುದು ಇದೇ. ಇದರಲ್ಲಿ ಮಾತ್ರ ಕಡಿಮೆ ಬೆಲೆಯದ್ದು ಬೇಡ ಕಿಟ್ಟಣ್ಣ. ಒಂದು ದಿನ ಉಳಿದದ್ದನ್ನೆಲ್ಲ ಸುಟ್ಟು ತಾನೂ ಸುಟ್ಟುಹೋಗ್ತದೆ."

"ಗೊತ್ತಾಯ್ತು. ನಮ್ಮ ಬಸ್ಸಿನ ಧನಿಗಳು ಹಾಕಿಸ್ತಿದ್ದ ಅಗ್ಗದ ಬ್ಯಾಟರಿ."

ಕೊನೆಗೆ ಎರಡು ಸಾಮಾನು ಉಳಿದವು, ಹಣ ಮಾತ್ರ ಒಂದಕ್ಕೇ ಆಗುವಷ್ಟು. ಬ್ರಯನ್ ತಲೆ ಕೆರೆದುಕೊಂಡ. "ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಆಟದ ಸ್ಟಿಯರಿಂಗ್ ಬಿಡಬೇಕು, ಕೀಬೋರ್ಡಿನಲ್ಲೇ ಆಡಬೇಕು. ಸ್ಟಿಯರಿಂಗ್ ಬೇಕಾದರೆ ತೀರಾ ಸಣ್ಣ ಕಾರ್ಡ್. ಆಗ ರಸ್ತೆ, ಮರ ಎಲ್ಲ ಮಸುಕು ಮಸುಕು ಕಾಣ್ತದೆ. ನೀವೇ ಹೇಳಿ."

ಕಿಟ್ಟಣ್ಣ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. "ನನಗೆ ನೀನೇ ಮಸುಕು ಕಾಣ್ತಿ. ಅಂಥವನಿಗೆ ಆ ಕಾರ್ಡಿನ ದುಡ್ಡು ದಂಡ ಯಾಕೆ? ಸ್ಟಿಯರಿಂಗ್ ತೆಗಿ."

ನಿಶ್ಮಿತಾಳಿಗೆ ನಗು ಬಂತು. ಅರ್ಧಕ್ಕೇ ನಿಲ್ಲಿಸಿ ರಸ್ತೆಯ ಕಡೆ ಮುಖ ತಿರುಗಿಸಿಕೊಂಡಳು.

ಬ್ರಯನ್ ಸ್ಟಿಯರಿಂಗನ್ನು ಮೇಜಿನ ಅಂಚಿಗೆ ಬಿಗಿದು, ಪೆಡಲುಗಳನ್ನು ನೆಲದಲ್ಲಿಟ್ಟು, ಅಂಗಡಿಯ ಕಂಪ್ಯೂಟರಿನಲ್ಲಿ ಲಾರಿಯ ಆಟ ಹಾಕಿದ. ಕಿಟ್ಟಣ್ಣ ಚಪ್ಪಲಿ ಕಳಚಿ ಕೂತ. ಚಕ್ರವನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡ. ಕನ್ನಡಿ ಸರಿಮಾಡಲು ಕೈ ಎತ್ತಿದವನು, ಅಲ್ಲಿ ಏನೂ ಇಲ್ಲದ್ದು ನೋಡಿ ಕಿವಿ ತುರಿಸಿಕೊಂಡ. ಮೊದಲ ತಿರುವಿನಲ್ಲಿ, ಹಳೆ ಬಸ್ಸನ್ನು ತಿರುಗಿಸಲು ಬೇಕಾಗುತ್ತಿದ್ದಷ್ಟು ಬಲ ಹಾಕಿ ಎಳೆದ. ಬೊಗಸೆಯಷ್ಟಿದ್ದ ಸ್ಟಿಯರಿಂಗ್ ಗಿರ್ರನೆ ತಿರುಗಿತು. ಲಾರಿ ಚರಂಡಿಗೆ ಮಗುಚಿತು.

"ಮೂವತ್ತು ವರ್ಷ ಒಂದು ಕೋಳಿಗೂ ತಾಗಿಸದ ಡ್ರೈವರ್," ಎಂದು ಕಿಟ್ಟಣ್ಣ ತನ್ನನ್ನೇ ಪರಿಚಯಿಸುವಂತೆ ಹೇಳಿದ. "ಆ ಡಾಕ್ಟರಿಗೆ ಒಂದು ಕಿಲೋ ಲಡ್ಡು ಕೊಟ್ಟು ಬರಬೇಕು."

ಎರಡನೆಯ ಸಲ ಲಾರಿ ಮಗುಚಲಿಲ್ಲ. ಕಿಟ್ಟಣ್ಣನ ಬಾಗಿದ ಬೆನ್ನು ನೆಟ್ಟಗಾಯಿತು. ಮಂಜಿನಂಥ ಮರಗಳ ನಡುವೆ, ನಲವತ್ತು ದಾಟದ ವೇಗದಲ್ಲಿ ಲಾರಿ ಸಾಗುತ್ತಿತ್ತು. ಒಂದು ವರ್ಷದಿಂದ ಕಾಣದ ಅಪ್ಪನ ಆ ಮುಖವನ್ನು ನಿಶ್ಮಿತಾ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅಷ್ಟರಲ್ಲಿ ಲಾರಿ ಎಡಕ್ಕೆ ಸರಿದು ನಿಂತಿತು.

"ಎಂತಕ್ಕೆ ನಿಲ್ಲಿಸಿದ್ದು?"

"ಸ್ಟಾಪಿನಲ್ಲಿ ಯಾರೋ ಇದ್ದಾರೆ."

ಪರದೆಯ ಮೂಲೆಯಲ್ಲಿ, ಒಂದು ತಂಗುದಾಣದ ಕೆಳಗೆ, ಕೆಂಪು ಉಡುಪಿನ ಹೆಂಗಸೊಬ್ಬಳ ಆಕೃತಿ ನಿಂತಿತ್ತು. "ಅಪ್ಪ, ಇದು ಲಾರಿ. ಅದು ಬರೀ ಬೊಂಬೆ. ಅವಳು ಹತ್ತುವುದಿಲ್ಲ."

"ಗೊತ್ತುಂಟು," ಎಂದ ಕಿಟ್ಟಣ್ಣ. ಬ್ರೇಕಿನಿಂದ ಕಾಲು ಮಾತ್ರ ತೆಗೆಯಲಿಲ್ಲ.

ಆಟದೊಳಗೆ ಲಾರಿಯ ಹಿಂದೆ ಸಾಲಾಗಿ ನಿಂತ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಕಿಟ್ಟಣ್ಣ ತಿರುಗಿಯೂ ನೋಡದೆ ಬಲಗೈಯನ್ನು ಕುರ್ಚಿಯಿಂದ ಹೊರಗೆ ಚಾಚಿ, ಮುಂದೆ ಹೋಗಿ ಎಂದು ನಿಧಾನವಾಗಿ ಬೀಸಿದ. ಆಗತಾನೇ ಅಂಗಡಿಗೆ ಬಂದು, ದಾರಿಗೆ ಅಡ್ಡವಾಗಿದ್ದ ಕುರ್ಚಿಯ ಹಿಂದೆ ಕಾಯುತ್ತಿದ್ದ ಗಿರಾಕಿಯೊಬ್ಬ ಆ ಕೈಯನ್ನು ನೋಡಿ, ಬಲಬದಿಯಿಂದ ದಾಟಿ ಒಳಗೆ ಹೋದ.