ದನಿಗೆ ಕಟ್ಟಿದ ಸುಂಕ

ಅಂದು ಬೆಳಗ್ಗೆ ಮಲ್ಪೆಯ ಕಡಲ ಮೇಲೆ ಮಂಜು ದಟ್ಟವಾಗಿ ಕವಿದಿತ್ತು. ಹೊರದೇಶದ ಬಂದರಿನಲ್ಲಿ ತೀರಿಕೊಂಡ ಗಂಡನ ದನಿಯನ್ನು ಗುಲಾಬಿ ಅಲ್ಲಿಯ ಅಂಗಡಿಯಿಂದ ಫೋನಿನಲ್ಲೇ ಹೇಳಿ ತರಿಸಿಕೊಂಡಿದ್ದಳು. ಪೊಟ್ಟಣ ಸುಂಕದ ಕಟ್ಟೆಗೆ ಬಂದಿತ್ತು; ಬಿಡಿಸಿಕೊಳ್ಳಲು ಅವಳು ಅಲ್ಲಿಗೆ ಹೋದಳು.

“ದನಿಗೆ ಸುಂಕ ನೆನಪಿನಲ್ಲೇ ಕಟ್ಟಬೇಕು ಅಕ್ಕಾ. ಯಾವುದು ಕೊಡ್ತೀರಿ?” ಎಂದರು ಅಧಿಕಾರಿ.

“ಅವರ ನೆನಪೇ ತಕ್ಕೊಳ್ಳಿ. ದನಿಯೇ ಮನೆಗೆ ಬಂದ ಮೇಲೆ ನೆನಪು ಯಾಕೆ ಮಾರಾಯ್ರೆ?”

“ಯೋಚನೆ ಮಾಡಿದ್ರಾ?”

“ವರ್ಷವಿಡೀ ಅದೇ ಮಾಡಿದ್ದು.”

ಅಧಿಕಾರಿ ಅವಳ ಹಣೆಗೆ ಮುದ್ರೆಯೊತ್ತಿ ಗಂಡನ ನೆನಪನ್ನೆಲ್ಲ ಇಳಿಸಿಕೊಂಡು, ಪೊಟ್ಟಣ ಬಿಚ್ಚಿ ಒಳಗಿನ ಡಬ್ಬಿ ಕೊಟ್ಟರು. ಗುಲಾಬಿ ದೇವರಿಗೆ ಕೈಮುಗಿದು ಮುಚ್ಚಳ ತೆರೆದಳು.

“ಗುಲಾಬೀ, ಊಟ ಆಯ್ತಾ?” ಎಂದಿತು ಒಳಗಿನ ದನಿ.

ಅವಳು ಗಡಿಬಿಡಿಯಿಂದ ಮುಚ್ಚಿ, ಡಬ್ಬಿಯನ್ನು ಮೆಲ್ಲಗೆ ಅಧಿಕಾರಿಯ ಮುಂದೆ ಸರಿಸಿದಳು.

“ಇದು ಬೇರೆ ಯಾರೋ ಗುಲಾಬಿಯದ್ದು. ಪಾಪ, ಕಾಯ್ತಾ ಇರ್ತಾಳೆ. ಅವಳಿಗೇ ಕೊಟ್ಟುಬಿಡಿ.”