ಮೀಸಲು ಪಡೆ

"ಸವ್ವಾ, ಎರಡೇ ಬೆಟಾಲಿಯನ್ ಕಳಿಸೋ! ಆಸ್ಟ್ರಿಯಾದವರು ಸೇತುವೆ ಹಿಡಿದ್ರೆ ನನ್ನ ಹುಡುಗರೆಲ್ಲ ನದಿಯ ಆ ಕಡೆನೇ ಸಾಯ್ತಾರೆ!" ಟೆಲಿಫೋನಿನಲ್ಲಿ ಜನರಲ್ ಝರೂಬಿನ್ ಕೂಗುತ್ತಿದ್ದ.

ಜನರಲ್ ಸವ್ವಾ ಕ್ರೂಟೊವ್ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಸೈನಿಕ ಶಾಲೆಯಲ್ಲಿ ಈ ಝರೂಬಿನ್ ಎಲ್ಲದರಲ್ಲೂ ತನಗಿಂತ ಹಿಂದಿದ್ದವನು. ಆದರೂ ಶೌರ್ಯಕ್ಕೆ ಕೊಡುವ ಸಂತ ಜಾರ್ಜ್ ಪದಕ ಸಿಕ್ಕಿದ್ದು ಅವನಿಗೆ. ಸಿಪಾಯಿಗಳು ಟೋಪಿ ಹಾರಿಸಿ ಜೈಕಾರ ಹಾಕುವುದೂ ಅವನಿಗೇ. ನಾಲ್ಕು ಬೆಟಾಲಿಯನ್‌ಗಳ ಮೀಸಲು ಪಡೆ ಮಾತ್ರ ಇವತ್ತು ಕ್ರೂಟೊವ್‌ನ ಕೈಯಲ್ಲಿತ್ತು.

"ಸವ್ವಾ ಗಿವ್ವಾ ಅನ್ನೋಕೆ ಇದೇನು ನಿಮ್ಮ ಮಾವನ ಮನೆನಾ?" ಎಂದ. "ಸರಿಯಾಗಿ ಬೇಡ್ಕೊ."

"ಮಹಾಪ್ರಭುಗಳೇ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಪದಕಾನೂ ನೀವೇ ಇಟ್ಕೊಳ್ಳಿ. ಬೇಗ ಕಳಿಸಿ!"

ಆ ಧ್ವನಿ ಒಂದು ಕ್ಷಣವೂ ತಡವರಿಸಲಿಲ್ಲ. ಇಪ್ಪತ್ತು ವರ್ಷಗಳಿಂದ ಕೇಳಬೇಕೆಂದು ಕಾದಿದ್ದ ಮಾತು ಅದು. ಕೇಳಿದ ಮೇಲೆ ಕ್ರೂಟೊವ್‌ನ ಹೊಟ್ಟೆಯುರಿ ಮೊದಲಿಗಿಂತ ಹೆಚ್ಚಾಯಿತು. ತನ್ನ ಸಿಪಾಯಿಗಳಿಗಾಗಿ ತಾನು ಯಾರ ಮುಂದೆಯೂ ಹೀಗೆ ಬೇಡುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ನಾಲ್ಕೂ ಬೆಟಾಲಿಯನ್ ಹೊರಡಿಸು," ಎಂದು ಪಕ್ಕದಲ್ಲಿದ್ದ ಅಧಿಕಾರಿಗೆ ಹೇಳಿ, ಅವನ ಮುಖ ನೋಡಲಾರದೆ ಕಿಟಕಿಯತ್ತ ತಿರುಗಿಕೊಂಡ.